ಮಣ್ಣಿನ ಬಣ್ಣಕ್ಕೆ ಮರಳುತ್ತಿರುವ ಪುಣೆಯ ಮನೆಗಳು

ಪುಣೆಯ ಸದಾಶಿವ ಪೇಠೆಯಲ್ಲೋ ಶನಿವಾರ ಪೇಠೆಯಲ್ಲೋ ಇನ್ನೂ ಉಳಿದುಕೊಂಡಿರುವ ಹಳೆಯ ಕಾಲದ ದೊಡ್ಡ ಮನೆಗೆ, ಅಂದರೆ ವಾಡೆಗೆ, ಚಪ್ಪಲಿ ಕಳಚಿ ಕಾಲಿಟ್ಟರೆ, ಅಂಗಾಲಿಗೆ ತಣ್ಣಗೆ ತಗಲುವುದು ಎಷ್ಟೋ ಕಡೆ ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ಮರಾಠಿಗರಿಗೆ ಅದು ಶಹಾಬಾದಿ ಫರಶಿ, ಉತ್ತರ ಕರ್ನಾಟಕದವರಿಗೆ ಶಹಾಬಾದ ಫರಸಿ. ಶಹಾಬಾದ್ ಇರುವುದೂ ಪುಣೆಯ ರೈಲು ಹಳಿಯ ಮೇಲೆಯೇ: ಪುಣೆ, ದೌಂಡ್, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ. 1871ರಲ್ಲಿ ಈ ಹಳಿ ರಾಯಚೂರು ಮುಟ್ಟಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಭೀಮಾ ಸೀಮೆಯ ಸುಣ್ಣಕಲ್ಲಿನ ಚಪ್ಪಡಿಗಳು ಪಡುವಣಕ್ಕೆ ಸಾಗಲು ಅದಕ್ಕಿಂತ ಸಲೀಸಾದ ದಾರಿ ಬೇರೆ ಇರಲಿಲ್ಲ.

ನಡುವೆ ಪುಣೆ ಈ ಕಲ್ಲನ್ನು ಮರೆತಿತ್ತು. ಕೋಥ್ರೂಡ್, ಎರಂಡವಣೆ, ಸಹಕಾರನಗರಗಳಲ್ಲಿ ಹೌಸಿಂಗ್ ಸೊಸೈಟಿಗಳು ಎದ್ದ ಕಾಲಕ್ಕೆ ಮೊಸಾಯಿಕ್ ಬಂತು, ಆಮೇಲೆ ಸೆರಾಮಿಕ್, ಆಮೇಲೆ ಮುಖ ಕಾಣುವಷ್ಟು ಹೊಳೆಯುವ ವಿಟ್ರಿಫೈಡ್ ಟೈಲ್. ಫರಸಿ ಕಲ್ಲು ಪಾರ್ಕಿಂಗ್ ಜಾಗಕ್ಕೂ ಫುಟ್‌ಪಾತಿಗೂ ಇಳಿಯಿತು. ಈಗ ಬಾಣೇರ್, ಖರಾಡಿ, ಕೋರೆಗಾಂವ್ ಪಾರ್ಕ್‌ಗಳ ಇಂಟೀರಿಯರ್ ಸ್ಟುಡಿಯೊಗಳಲ್ಲಿ 2026ರ ಮಾತು ತೆಗೆದರೆ ಅದೇ ಕಲ್ಲಿನ ತುಂಡನ್ನು ಮೇಜಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಸುಣ್ಣದ ಗೋಡೆಯ ಮಾದರಿ, ಬೆತ್ತದ ಹೆಣಿಗೆ, ಸುತ್ತಿಗೆಯ ಗುರುತು ಹೊತ್ತ ತಾಮ್ರದ ತಗಡು, ಕಂದು, ಇಟ್ಟಿಗೆಗೆಂಪು, ಆಲಿವ್ ಹಸಿರಿನ ಬಣ್ಣದ ಪಟ್ಟಿಗಳು.

2026ರ ಮನೆಯ ಒಳವಿನ್ಯಾಸದಲ್ಲಿ ಎದ್ದು ಕಾಣುವ ಒಲವು ಇದೇ. ಕಲ್ಲು, ಸುಣ್ಣ, ತಾಮ್ರ, ಬಿದಿರು, ಹಳೆಯ ಸಾಗುವಾನಿಗಳ ಕಡೆಗೆ ಪುಣೆ ತಿರುಗಿದೆ. ನನಗೆ ಇದು ಸಂತೋಷದ ಸಂಗತಿ, ಹಾಗೆಂದು ಬರೆಯಲು ಸಂಕೋಚವಿಲ್ಲ. ಆದರೆ ಮಾರುಕಟ್ಟೆ ಕೊಡುತ್ತಿರುವುದರಲ್ಲಿ ಈ ವಸ್ತುಗಳ ಚಿತ್ರವೇ ಹೆಚ್ಚು, ವಸ್ತು ಕಡಿಮೆ. ಮರದ ಚಿತ್ರವಿರುವ ಟೈಲು, ಕಲ್ಲಿನ ಚಿತ್ರವಿರುವ ಲ್ಯಾಮಿನೇಟು, ಸುಣ್ಣದಂತೆ ಕಾಣುವ ಅಕ್ರಿಲಿಕ್ ಬಣ್ಣ. ಹಾಗಾಗಿ ಮನೆ ಮಾಡಿಸುವವರು ಕ್ಯಾಟಲಾಗ್ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಐದು ವರ್ಷಕ್ಕೆ ಕೆಟ್ಟರೆ ಸರಿಮಾಡುವ ಕೈ ಈ ಊರಿನಲ್ಲಿ ಇದೆಯೇ? ಪುಣೆಯಂಥ ಊರಿನಲ್ಲಿ ಆ ಕೈಗಳು ಇನ್ನೂ ಇವೆ, ಅವರಲ್ಲಿ ಎಷ್ಟೋ ಮಂದಿ ಕನ್ನಡ ಮಾತನಾಡುತ್ತಾರೆ.

ಬಿಳಿ ಎಂಬ ಬಣ್ಣ

ಬಣ್ಣದ ಸುದ್ದಿಯನ್ನು ಮೊದಲು ಮುಗಿಸೋಣ. ಅಮೆರಿಕದ ಪ್ಯಾಂಟೋನ್ ಸಂಸ್ಥೆ 2000ದಿಂದ ವರ್ಷಕ್ಕೊಂದು ಬಣ್ಣ ಸಾರುತ್ತ ಬಂದಿದೆ. 2025ಕ್ಕೆ ಅದು ಆರಿಸಿದ್ದು ಮೋಕಾ ಮೂಸ್ ಎಂಬ ಕಾಫಿಗಂದು. 2026ಕ್ಕೆ ಆರಿಸಿದ್ದು ಕ್ಲೌಡ್ ಡಾನ್ಸರ್ ಎಂಬ ಬಿಳಿ. ಇಷ್ಟು ವರ್ಷಗಳಲ್ಲಿ ಬಿಳಿಯೊಂದನ್ನು ವರ್ಷದ ಬಣ್ಣ ಎಂದು ಸಾರಿದ್ದು ಇದೇ ಮೊದಲು, ಅದಕ್ಕೇ ಚರ್ಚೆಯೂ ಜೋರಾಗಿ ನಡೆಯಿತು. ಪುಣೆಯ ಮನೆಗಳಿಗೆ ಈ ಎರಡೂ ಸೇರಿದ ಜೋಡಿ ಒಪ್ಪುತ್ತದೆ: ಗೋಡೆಗೆ ಹಾಲುಬಿಳಿ, ನೆಲಕ್ಕೂ ಮರಕ್ಕೂ ಕಂದು. ನಮ್ಮ ಹಳೆಯ ಮನೆಗಳಲ್ಲಿ ಇದ್ದದ್ದೂ ಇಷ್ಟೇ. ಸುಣ್ಣ ಬಳಿದ ಗೋಡೆ, ಎಣ್ಣೆ ಕುಡಿದ ಬಾಗಿಲು.

ಆದರೆ ಬಿಳಿಯಲ್ಲೂ ವ್ಯತ್ಯಾಸವಿದೆ. ಪುಣೆಯಲ್ಲಿ ಮಳೆ ಮುಂಬಯಿಯಷ್ಟು ಸುರಿಯುವುದಿಲ್ಲ. ವರ್ಷಕ್ಕೆ 700 ಮಿಲಿಮೀಟರಿನ ಮೇಲೆ ಸ್ವಲ್ಪ. ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬರುತ್ತದೆ, ಪಶ್ಚಿಮದ ಗಾಳಿಯೊಂದಿಗೆ ಬರುತ್ತದೆ. ಪಡುವಣಕ್ಕೆ ಮುಖ ಮಾಡಿದ ಗೋಡೆ ತಿಂಗಳುಗಟ್ಟಲೆ ನೆನೆಯುತ್ತದೆ. ಒಳಗಡೆ ಪುಟ್ಟಿ ಹಚ್ಚಿ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರೆ ಒಳಗೆ ಬಂದ ತೇವಕ್ಕೆ ಹೊರಹೋಗಲು ದಾರಿ ಸಿಗದೆ ಬಣ್ಣ ಗುಳ್ಳೆ ಏಳುತ್ತದೆ, ಆಗಸ್ಟಿನ ಹೊತ್ತಿಗೆ ಹಪ್ಪಳದಂತೆ ಸುಲಿಯುತ್ತದೆ. ಸುಣ್ಣ ಹಾಗಲ್ಲ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ, ಕ್ಷಾರಗುಣದಿಂದ ಬೂಷ್ಟನ್ನೂ ತಡೆಯುತ್ತದೆ. ಲೈಮ್‌ವಾಶ್ ಗೋಡೆ ಬೇಕೆಂದು ಕೇಳುವವರು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಡಬ್ಬಿಯಲ್ಲಿ ಬರುವ ಹಲವು ಲೈಮ್‌ವಾಶ್‌ಗಳು ಸುಣ್ಣದ ನೋಟ ಕೊಡುವ ಅಕ್ರಿಲಿಕ್ ಬಣ್ಣಗಳು. ನಿಜವಾದ ಸುಣ್ಣ ಅಕ್ರಿಲಿಕ್ ಪುಟ್ಟಿಯ ಮೇಲೆ ಹಿಡಿಯುವುದೇ ಇಲ್ಲ. ಪುಟ್ಟಿ ಕೆರೆದು ಪ್ಲಾಸ್ಟರ್ ತೋರುವವರೆಗೆ ಇಳಿದು, ನೀರು ಚಿಮುಕಿಸಿ, ತೆಳುವಾಗಿ ಒಂದರ ಮೇಲೊಂದು ಕೈ ಹಚ್ಚಬೇಕು. ಹಚ್ಚಿದಾಗ ಅದು ಬೂದಿಯಂತೆ ಮಂಕಾಗಿ ಕಾಣುತ್ತದೆ, ಮಾಡಿಸುವವರ ಎದೆ ಧಸಕ್ಕೆನ್ನುವುದು ಆಗಲೇ. ಒಣಗುತ್ತ ಹೋದಂತೆ ಬೆಳಗುತ್ತದೆ.

ಅಕ್ರಿಲಿಕ್ಕೇ ಇರಲಿ ಎನ್ನುವವರು ಸೀಸದ ಮೇಲೆ ಕಣ್ಣಿಡಲಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಬ್ರ್ಯಾಂಡಿಲ್ಲದ ಅಗ್ಗದ ಎನಾಮೆಲ್ ಡಬ್ಬಿಯನ್ನು ಮಕ್ಕಳ ಕೋಣೆಯ ಕಿಟಕಿ ಸರಳಿಗೆ ಹಚ್ಚಿಸಬೇಡಿ.

ಅಂಗಾಲು ಬಲ್ಲ ಕಲ್ಲು

ಫರಸಿ ಕಲ್ಲಿನ ವಿಷಯಕ್ಕೆ ಮರಳುತ್ತೇನೆ, ಯಾಕೆಂದರೆ 2026ರ ಒಲವಿನಲ್ಲಿ ನನಗೆ ತೀರ ಮೆಚ್ಚಿಗೆಯಾದದ್ದು ಅದು. ಶಹಾಬಾದಿನ ಸುಣ್ಣಕಲ್ಲು ನೆಲದಲ್ಲಿ ಪದರ ಪದರವಾಗಿ ಮಲಗಿರುತ್ತದೆ. ಪದರದ ಗೆರೆಗೆ ಉಳಿ ಹೂಡಿ ಏಟು ಹಾಕಿದರೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಬೂದುನೀಲಿ, ನಸುಗೆಂಪು, ಕೆನೆಬಣ್ಣ, ಒಂದೇ ಗಣಿಯಲ್ಲಿ ಬೇರೆ ಬೇರೆ ಛಾಯೆ. ಪಾಲಿಶ್ ಹೊಡೆಯದೆ ಹಾಕಿದರೆ ಒದ್ದೆಯಾದಾಗಲೂ ಕಾಲು ಜಾರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟಿದ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಅದರ ಬೆಲೆ ಗೊತ್ತು.

ಅದಕ್ಕೆ ದೋಷಗಳೂ ಇವೆ. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆ ನೀರು, ಬಚ್ಚಲು ತೊಳೆಯುವ ಆಸಿಡ್ ಬಿದ್ದ ಜಾಗ ತಿಂದುಹೋಗಿ ಮಾಸಲು ಕಲೆ ನಿಲ್ಲುತ್ತದೆ. ಅರಿಸಿನ, ಎಣ್ಣೆ ಕುಡಿಯುತ್ತದೆ. ಚಪ್ಪಡಿಯ ದಪ್ಪ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಟೈಲ್ ಅಂಟಿಸುವವರಿಂದ ಈ ಕೆಲಸ ಆಗದು. ಪ್ರತಿ ಕಲ್ಲಿಗೂ ಅಡಿಯ ಗಾರೆಯನ್ನು ಬೇರೆ ಬೇರೆ ದಪ್ಪಕ್ಕೆ ಹರಡಿ, ಕಲ್ಲನ್ನು ನೀರಿನಲ್ಲಿ ನೆನೆಸಿ, ಇಟ್ಟು, ಮರದ ಕೊಡತಿಯಿಂದ ತಟ್ಟಿ, ಸದ್ದು ಕೇಳಿ ಕೂರಿಸಬೇಕು. ಅಡಿಯಲ್ಲಿ ಪೊಳ್ಳು ಉಳಿದಿದ್ದರೆ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ, ಎತ್ತಿ ಮತ್ತೆ ಕೂರಿಸುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ದುಡಿಯಲು ಬಂದವರಲ್ಲಿ ಈ ಕೆಲಸ ಬಲ್ಲವರು ಸಿಗುತ್ತಾರೆ. ಕಲ್ಲಿನ ಊರಿನವರಿಗೆ ಕಲ್ಲಿನ ಸದ್ದು ಗೊತ್ತು. ಹೊಸ ಫ್ಲ್ಯಾಟಿನ ಒಡೆಯರು ಅವರನ್ನು ಹುಡುಕಿ ಕರೆಸುವುದು ಡಿಸೈನರನ್ನು ಹುಡುಕುವಷ್ಟೇ ಮುಖ್ಯ ಎಂದು ನಾನು ತಿಳಿದಿದ್ದೇನೆ.

ಫರಸಿಗೆ ಎದುರಾಗಿ ನಿಂತಿರುವುದು ಗುಜರಾತಿನ ಮೋರ್ಬಿಯಿಂದ ಬರುವ ದೊಡ್ಡ ಟೈಲು. 800 ಮಿಲಿಮೀಟರ್ ಅಗಲ, 1600 ಉದ್ದ. ಇನ್ನೂ ದೊಡ್ಡದು 1200ಕ್ಕೆ 2400. ಸಂದು ಕಡಿಮೆ, ಕೋಣೆ ವಿಶಾಲವಾಗಿ ಕಾಣುತ್ತದೆ, ಡಿಜಿಟಲ್ ಮುದ್ರಣದಲ್ಲಿ ಅಮೃತಶಿಲೆಯ ಗೆರೆಗಳೂ ಬರುತ್ತವೆ. ಒಳ್ಳೆಯದೇ. ಆದರೆ ಒರಳುಕಲ್ಲಿನ ಗುಂಡೊಂದು ಕೈತಪ್ಪಿ ಬಿದ್ದು ಮೂಲೆ ಒಡೆದರೆ ಹದಿಮೂರು ಹದಿನಾಲ್ಕು ಚದರಡಿಯ ಟೈಲನ್ನೇ ಕೀಳಬೇಕು, ಅಷ್ಟರಲ್ಲಿ ಆ ಬ್ಯಾಚಿನ ಬಣ್ಣ ಮಾರುಕಟ್ಟೆಯಲ್ಲಿ ಇರುವುದಿಲ್ಲ. ಹಾಕಿಸುವವರು ಎರಡು ಪೆಟ್ಟಿಗೆ ಹೆಚ್ಚಿಗೆ ಕೊಂಡು ಮಾಳಿಗೆಯಲ್ಲಿಡಬೇಕು. ಇನ್ನು ಹೊಳಪು. ಪುಣೆ ನಿವೃತ್ತರ ಊರೆಂದು ಹೆಸರಾದದ್ದು ಸುಮ್ಮನೆ ಅಲ್ಲ. ಹೊಳೆಯುವ ನೆಲದ ಮೇಲೆ ನೀರು ಚೆಲ್ಲಿದ್ದು ಎಪ್ಪತ್ತು ದಾಟಿದ ಕಣ್ಣಿಗೆ ಕಾಣುವುದಿಲ್ಲ. ಬಚ್ಚಲಿಗೆ, ಪಾತ್ರೆ, ವಾಷಿಂಗ್ ಮೆಷಿನ್ ಇಡುವ ಡ್ರೈ ಬಾಲ್ಕನಿಗೆ ಒರಟು ಮೇಲ್ಮೈಯ ಟೈಲು, ಕಮೋಡಿನ ಪಕ್ಕ ಹಿಡಿಕೆ, ಬಾಗಿಲ ಬುಡದಲ್ಲಿ ಎಡವದಂಥ ಹೊಸ್ತಿಲು ಇವು 2026ರ ಟ್ರೆಂಡ್ ಪಟ್ಟಿಗಳಲ್ಲಿ ಕೊನೆಗೆಲ್ಲೋ ಇವೆ. ಊರಿನಿಂದ ಅಪ್ಪ ಅವ್ವ ಬಂದು ಇರುವ ಮನೆಗಳಲ್ಲಿ ಇವೇ ಮೊದಲು ಬರಬೇಕು.

ಗೂಡಿಲ್ಲದ ಗೋಡೆ

ವಾಡೆಗಳ ನೋಟ ಇಂದು ಯಾಕಿಷ್ಟು ಬೇಡಿಕೆಯಲ್ಲಿದೆ ಎಂಬುದಕ್ಕೆ ಪುಣೆಯ ಚರಿತ್ರೆಯಲ್ಲಿ ಒಂದು ಕಾರಣವಿದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆಯಿತು, ಆ ನೀರಿಗೆ ಖಡಕವಾಸ್ಲಾದ ಕಟ್ಟೆಯೂ ನಿಲ್ಲಲಿಲ್ಲ. ಮುಠಾ ನದಿಯ ದಂಡೆಯ ಪೇಠೆಗಳಲ್ಲಿ ನೀರು ನುಗ್ಗಿ ಮಣ್ಣುಗಾರೆಯ ವಾಡೆಗಳು ಕುಸಿದವು. ಮನೆ ಕಳೆದುಕೊಂಡವರು ಹೊರಭಾಗದ ಬಡಾವಣೆಗಳಿಗೆ ಹೋದರು, ವಾಡೆಯಿದ್ದ ಜಾಗದಲ್ಲಿ ಕಾಂಕ್ರೀಟಿನ ಕಟ್ಟಡಗಳು ಬಂದವು, ವಾಡೆ ಅಪರೂಪವಾದಂತೆ ಅದರ ಮೇಲಿನ ಆಸೆಯೂ ಬೆಳೆಯಿತು. ಅಳಿದುಳಿದವುಗಳಲ್ಲಿ ಸಾರ್ವಜನಿಕರು ಹೋಗಿ ನೋಡಬಹುದಾದ ಒಂದೆಂದರೆ ಪೇಶವೆ ಎರಡನೆಯ ಬಾಜಿರಾಯ ಕಟ್ಟಿಸಿದ ವಿಶ್ರಾಮಬಾಗ್ ವಾಡೆ, 1807ರ ಕಟ್ಟಡ. ಅದರ ಮುಂಭಾಗದ ಕೆತ್ತನೆಯನ್ನೂ ಸೈಪ್ರೆಸ್ ಮರದಂತೆ ಮೇಲಕ್ಕೆ ಸಣ್ಣಗಾಗುವ ಕಂಬಗಳನ್ನೂ ನೋಡಿದರೆ ಇಂದಿನ ಡಿಸೈನರುಗಳ ಕಮಾನು, ಕೆತ್ತನೆಗಳ ಮೂಲ ಗೊತ್ತಾಗುತ್ತದೆ. ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ದಿನಕರ ಕೇಳಕರ ಅವರು 1920ರ ಸುಮಾರಿಗೆ ಶುರುಮಾಡಿ ಊರೂರು ತಿರುಗಿ ಕೂಡಿಹಾಕಿದ ಬಾಗಿಲು, ದೀಪ, ಅಡಕೊತ್ತು, ಅಡುಗೆಮನೆಯ ಪಾತ್ರೆಗಳ ಸಂಗ್ರಹವನ್ನು 1962ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಮನೆಯೊಳಗಿನ ದಿನಬಳಕೆಯ ವಸ್ತು ಎಷ್ಟು ಚೆಂದ ಇರಬಲ್ಲದೆಂಬುದಕ್ಕೆ ಇಷ್ಟು ಒಳ್ಳೆಯ ಪಾಠಶಾಲೆ ಯಾವ ಶೋರೂಮಿನಲ್ಲೂ ಸಿಗದು.

ವಾಡೆಯ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಅದರಲ್ಲೇ ದೀಪ ಇಡುವ ಕೋನಾಡಾ, ಸಾಮಾನು ಇಡುವ ಫಡತಾಳ. ನಮ್ಮ ಕಡೆಯ ಗೂಡು, ಮಾಡಗಳೂ ಅವೇ. ಗಣಪತಿ ಕೂರಿಸುವುದಕ್ಕೆ ಒಂದು ಮಾಡ ಇರದ ಹಳೆಯ ಮನೆ ಧಾರವಾಡ, ವಿಜಯಪುರದ ಕಡೆ ಅಪರೂಪ. ಈಗ ಗೋಡೆಯಲ್ಲಿ ಗೂಡು ಮಾಡಿ ಒಳಗೆ ದೀಪ ಬಿಡುವ ವಿನ್ಯಾಸ ಮತ್ತೆ ಬಂದಿದೆ. ಆದರೆ ಹಿಂಜವಡಿ, ವಾಕಡ್, ತಾಥವಡೆಗಳ ಹೊಸ ಟವರುಗಳಲ್ಲಿ ಒಂದು ತೊಡಕು ಇದೆ. ಅವುಗಳಲ್ಲಿ ಬಹಳಷ್ಟನ್ನು ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಚಾವಣಿ ಒಟ್ಟಿಗೇ ಕಾಂಕ್ರೀಟ್ ಸುರಿದು ಕಟ್ಟುತ್ತಾರೆ. ಮೈವಾನ್ ಎಂದು ಸೈಟಿನವರು ಕರೆಯುವುದು ಇದನ್ನೇ. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊತ್ತಿರುತ್ತದೆ. ಗೂಡು ಕೊರೆಯುವುದಿರಲಿ, ವೈರಿಗೆಂದು ಸೀಳು ಹೊಡೆಯುವುದೂ ತಪ್ಪು. ಗೂಡು ಬೇಕೆಂದರೆ ಗೋಡೆಯ ಮುಂದೆ ಇನ್ನೊಂದು ತೆಳು ಗೋಡೆ ಕಟ್ಟಬೇಕು, ಅಂದರೆ ಕೋಣೆಯ ಜಾಗ ಹೋಗುತ್ತದೆ.

ಜಾಗದ ಲೆಕ್ಕ ಹೇಳಲೇಬೇಕು. ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರೇರಾ ಕಾನೂನು 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಫ್ಲ್ಯಾಟನ್ನು ಕಾರ್ಪೆಟ್ ಏರಿಯಾದ, ಅಂದರೆ ಒಳಗೆ ಬಳಸಲು ಸಿಗುವ ನೆಲದ, ಲೆಕ್ಕದಲ್ಲೇ ಮಾರಬೇಕು. ಹನ್ನೊಂದು ಅಡಿಯ ಗೋಡೆಗೆ ಎರಡು ಅಂಗುಲ ದಪ್ಪದ ಗೀರುಗೀರಿನ ಪ್ಯಾನೆಲ್ ಹೊದಿಸಿದರೆ ಹೆಚ್ಚುಕಡಿಮೆ 1.8 ಚದರಡಿ ಹೋಯಿತು. ಚದರಡಿಗೆ ಹತ್ತು ಸಾವಿರ ಎಂದು ಹಿಡಿದರೂ ಹದಿನೆಂಟು ಸಾವಿರ ರೂಪಾಯಿಯ ಮನೆ ಆ ಪ್ಯಾನೆಲ್ಲಿನ ಹಿಂದೆ ಮುಚ್ಚಿಹೋಗುತ್ತದೆ, ಪ್ಯಾನೆಲ್ಲಿನ ಬೆಲೆ ಬೇರೆ. ಮೆಟ್ರೊ, ಫ್ಲೈಓವರ್, ಸಾಲು ಸಾಲು ಕಟ್ಟಡ ಕಾಮಗಾರಿಗಳ ಧೂಳು ಆ ಗೀರುಗಳಲ್ಲಿ ಕೂತರೆ ವಾರಕ್ಕೊಮ್ಮೆ ಬ್ರಷ್ ಹಿಡಿದು ಕೂರಬೇಕು. ಟಿವಿ ಗೋಡೆಗೆ ಈ ಪ್ಯಾನೆಲ್ ಹಾಕಿಸುವ ಅಭ್ಯಾಸ 2026ರಲ್ಲಾದರೂ ಇಳಿಯಲಿ ಎಂಬುದು ನನ್ನ ಆಸೆ.

ಓಟಾ, ಒಗ್ಗರಣೆ, ಪ್ಲೈವುಡ್ಡು

ಅಡುಗೆ ಕಟ್ಟೆಗೆ ಪುಣೆಯಲ್ಲಿ ಓಟಾ ಎನ್ನುತ್ತಾರೆ. ಹಳೆಯ ಫ್ಲ್ಯಾಟುಗಳಲ್ಲಿ ಓಟಾ ಎಂದರೆ ಕಡಪಾ ಕಲ್ಲಿನದು. ಆಂಧ್ರದ ಆ ಕಪ್ಪು ಸುಣ್ಣಕಲ್ಲನ್ನೇ ಕೆಳಗಿನ ಅರೆಗಳಿಗೂ ಗೋಡೆಯ ಹಲಗೆಗಳಿಗೂ ಬಳಸಿರುತ್ತಾರೆ. ಗೆದ್ದಲು ಹಿಡಿಯದು, ನೀರಿಗೆ ಉಬ್ಬದು, ನಲವತ್ತು ವರ್ಷದ ಮೇಲೂ ತೊಳೆದರೆ ಹೊಸದು. ಆಮೇಲೆ ಬಂದ ಗ್ರಾನೈಟ್ ಹುಳಿಗೂ ಬಿಸಿಗೂ ಅದಕ್ಕಿಂತ ಗಟ್ಟಿ. ಇವೆರಡನ್ನೂ ಹಳೆಯ ಫ್ಯಾಷನ್ ಎಂದು ಸರಿಸಿ ಈಗ ಕ್ವಾರ್ಟ್ಜ್ ಹಲಗೆ ಬರುತ್ತಿದೆ: ಬಿಳಿ, ಕೆನೆಬಣ್ಣ, ಒಂದೂ ಚುಕ್ಕೆ ಇಲ್ಲದ ಮೈ. ಇದು ಗಣಿಯಿಂದ ಇಡಿಯಾಗಿ ತೆಗೆದ ಕಲ್ಲಲ್ಲ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ್ದು, ಬಹುಪಾಲು ಸಿಲಿಕಾ. ಇದನ್ನು ಒಣದಾಗಿ ಕತ್ತರಿಸುವಾಗ ಏಳುವ ನುಣ್ಣನೆಯ ಧೂಳು ಕೆಲಸಗಾರರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಗುಣವಿಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಎಂಜಿನಿಯರ್ಡ್ ಸ್ಟೋನ್ ತಯಾರಿಕೆ, ಮಾರಾಟ, ಅಳವಡಿಕೆಗಳನ್ನೇ ನಿಷೇಧಿಸಿತು, ಹಾಗೆ ಮಾಡಿದ ಮೊದಲ ದೇಶ ಅದು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಆದರೆ ಎಷ್ಟೋ ಕಡಿಮೆ. ನಮ್ಮಲ್ಲಿ ಸಿಂಕಿನ ತೂತು ಕೊರೆಯುವ ಹುಡುಗ ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಗ್ರೈಂಡರ್ ಹಿಡಿದು ನಿಮ್ಮ ಬಾಲ್ಕನಿಯಲ್ಲೇ ಕೂತಿರುತ್ತಾನೆ. ಯಾವ ಕಲ್ಲು ಹಾಕಿಸಿದರೂ ನೀರು ಬಿಟ್ಟುಕೊಂಡೇ ಕತ್ತರಿಸಬೇಕೆಂದು ಹೇಳಿ, ಒಳ್ಳೆಯ ಮಾಸ್ಕನ್ನು ನೀವೇ ತಂದುಕೊಡಿ.

ಓಪನ್ ಕಿಚನ್ ಬಗ್ಗೆ ಎರಡು ಮಾತು. ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆ ಒಡೆಯುವ ಆಸೆ ಕಳೆದ ಹತ್ತು ವರ್ಷಗಳಿಂದ ಇದೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಸೋಫಾದ ಬಟ್ಟೆಗೆ ಹತ್ತಿದ ಮೇಲೆ ಆ ಗೋಡೆಯ ಬೆಲೆ ತಿಳಿಯುತ್ತದೆ. ಈಗಿನ ಒಲವು ನಡುದಾರಿಯದು: ಜಾರುವ ಗಾಜಿನ ಬಾಗಿಲು, ಬೇಕಾದಾಗ ತೆರೆದು, ಒಗ್ಗರಣೆ ಹೊತ್ತಿಗೆ ಎಳೆದುಕೊಳ್ಳುವಂಥದ್ದು. ಇದು ನನಗೆ ಒಪ್ಪಿಗೆ. ಡ್ರೈ ಬಾಲ್ಕನಿಯನ್ನು ಅಡುಗೆಮನೆಗೆ ಸೇರಿಸಿಕೊಂಡು ಮುಚ್ಚಿಬಿಡುವುದು ಮಾತ್ರ ಒಪ್ಪಿಗೆಯಿಲ್ಲ. ಗಾಳಿ ಹೋಗಲು ಅಡುಗೆಮನೆಗೆ ಎಷ್ಟೋ ಸಲ ಅದೊಂದೇ ದಾರಿ.

ಕಪಾಟುಗಳ ಒಳಗೆ ಏನಿದೆ ಎಂಬುದನ್ನು ಹೊರಗಿನ ಬಣ್ಣಕ್ಕಿಂತ ಮೊದಲು ನೋಡಿ. ಪ್ಲೈವುಡ್ಡಿನ ಮೇಲೆ ಅಚ್ಚು ಹಾಕಿದ ಸಂಖ್ಯೆ ಓದಲು ಕಲಿತರೆ ಅರ್ಧ ಮೋಸ ತಪ್ಪುತ್ತದೆ. ಐಎಸ್ 303 ಎಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದರೆ ನೀರಿನ ಜಾಗಕ್ಕೆ ತಕ್ಕ ಮೆರೀನ್ ಪ್ಲೈ. ಸಿಂಕಿನ ಕೆಳಗೆ ಎರಡನೆಯದೇ ಬೇಕು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಾಕಿದ್ದರೆ ಒಂದು ಮಳೆಗಾಲದ ಸೋರಿಕೆಗೆ ಅದು ರೊಟ್ಟಿಯಷ್ಟು ಉಬ್ಬಿ ಕೂರುತ್ತದೆ, ಬಡಗಿ ಬಂದರೂ ಏನೂ ಮಾಡಲಾರ. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡಿನ ಪ್ರಮಾಣಕ್ಕೆ ಇ-1, ಇ-0 ಎಂಬ ದರ್ಜೆಗಳಿವೆ, ಮಲಗುವ ಕೋಣೆಗೆ ಇ-0 ಕೇಳಿ ಪಡೆಯುವುದು ಮೇಲು. ಇನ್ನು ಗಟ್ಟಿಮರದ ಬಾಗಿಲು ಜುಲೈಯಲ್ಲಿ ಬಿಗಿಯಾಯಿತೆಂದು ಆಗಲೇ ಹತ್ತರಿ ಹೊಡೆಸಬೇಡಿ. ಮರ ತೇವ ಕುಡಿದು ಹಿಗ್ಗಿರುತ್ತದೆ. ದೀಪಾವಳಿ ಹೊತ್ತಿಗೆ ತಾನೇ ಸರಿಯಾಗುತ್ತದೆ. ಜುಲೈಯಲ್ಲಿ ಹೆರೆಸಿದವರ ಬಾಗಿಲಲ್ಲಿ ಜನವರಿಗೆ ಸಂದು ಬಿಡುತ್ತದೆ.

ಕಸಬಾ ಪೇಠೆಯ ಸದ್ದು

2026ರ ಇಂಟೀರಿಯರ್ ಪುಸ್ತಿಕೆಗಳಲ್ಲಿ ಬೀಟನ್ ಕಾಪರ್ ಎಂದು ಮೆರೆಯುವ ವಸ್ತುವಿಗೆ ಪುಣೆಯಲ್ಲೇ ಒಂದು ಗಲ್ಲಿ ಇದೆ, ಕಸಬಾ ಪೇಠೆಯ ತಾಂಬಟ ಆಳಿ. ತಾಂಬಟರು ಪೇಶವೆ ಕಾಲದಿಂದ ಇಲ್ಲಿ ತಾಮ್ರ ಬಡಿಯುತ್ತ ಬಂದವರು. ಹಂಡೆ, ತಪ್ಪಲೆ, ಸ್ನಾನದ ನೀರು ಕಾಯಿಸುವ ಬಂಬ ಇವರ ಕೈಯಿಂದಲೇ ಮನೆಮನೆಗೆ ಹೋಗುತ್ತಿದ್ದವು. ಸ್ಟೀಲು, ಗೀಜರು ಬಂದ ಮೇಲೆ ಹಂಡೆ ಬಂಬಗಳಿಗೆ ಗಿರಾಕಿ ಇಲ್ಲವಾಯಿತು. ಅವರ ಕೆಲಸದ ಜೀವಾಳ ಮಠಾರಕಾಮ. ತಗಡನ್ನು ಕೆಂಪಗೆ ಕಾಯಿಸಿ ಮೆದು ಮಾಡಿ, ಆಕಾರಕ್ಕೆ ತಂದು, ಆಮೇಲೆ ಕಬ್ಬಿಣದ ಗೂಟದ ಮೇಲೆ ಪಾತ್ರೆಯನ್ನು ತಿರುಗಿಸುತ್ತ ನುಣುಪು ಮುಖದ ಸುತ್ತಿಗೆಯಿಂದ ಏಟು ಹಾಕುತ್ತಾರೆ. ಒಂದು ಏಟಿನ ಅಂಚು ಇನ್ನೊಂದರ ಅಂಚಿಗೆ ತಾಗಬೇಕು, ಮೇಲೆ ಹತ್ತಬಾರದು. ಪ್ರತಿ ಏಟಿಗೂ ಒಂದು ಪುಟ್ಟ ಕನ್ನಡಿ ಮೂಡುತ್ತದೆ. ಅದು ಅಂದಕ್ಕೆಂದು ಮಾತ್ರ ಮಾಡುವುದಲ್ಲ, ಏಟು ಬಿದ್ದಷ್ಟೂ ಮೆತ್ತಗಿದ್ದ ತಾಮ್ರ ಗಡುಸಾಗಿ ಪಾತ್ರೆ ತಗ್ಗು ಬೀಳದಂತೆ ನಿಲ್ಲುತ್ತದೆ. ಯಂತ್ರದಲ್ಲಿ ಒತ್ತಿ ಮಾಡಿದ ಹಾಳೆಯಲ್ಲಿ ಗುಂಡಿಗಳೆಲ್ಲ ಒಂದೇ ಅಚ್ಚಿನವು, ಬೆಳಕು ಒಂದೇ ತೆರನಾಗಿ ತಿರುಗುತ್ತದೆ. ಕೈಕೆಲಸದ್ದರಲ್ಲಿ ಬೆಳಕು ಚೂರು ಚೂರಾಗಿ ಹರಡುತ್ತದೆ, ನೋಡಿದೊಡನೆ ಗೊತ್ತಾಗುತ್ತದೆ.

ಈಗ ಈ ಕೈಗಳಿಂದ ದೀಪದ ಹೊದಿಕೆ, ಹೂಕುಂಡ, ತಟ್ಟೆ, ಬೇಸಿನ್ನುಗಳು ಬರುತ್ತಿವೆ. ಊಟದ ಮೇಜಿನ ಮೇಲೆ ತೂಗುವ ಒಂದು ದೀಪಕ್ಕೆ ಆಮದು ಮಾಲಿಗೆ ಕೊಡುವ ಹಣವನ್ನು ಇಲ್ಲಿ ಕೊಟ್ಟರೆ ತಲೆಮಾರು ಬಾಳುವ ವಸ್ತು ಸಿಗುತ್ತದೆ, ತಗ್ಗು ಬಿದ್ದರೆ ಅದೇ ಗಲ್ಲಿಗೆ ಹೋಗಿ ಬಡಿಸಿಕೊಂಡು ಬರಬಹುದು. ಅಡುಗೆಗೆ ಬಳಸುವ ಪಾತ್ರೆಗೆ ಮಾತ್ರ ಒಳಗೆ ಕಲಾಯಿ ಇರಲೇಬೇಕು.

ಅದೇ ಹಳೆಯ ಊರಿನಲ್ಲಿ ಬುರೂಡ ಆಳಿಯೂ ಇದೆ. ಬುರೂಡರು ನಮ್ಮ ಮೇದಾರರಂತೆಯೇ ಬಿದಿರು ಕೆಲಸದವರು. ಬಸವಣ್ಣನವರ ಕಾಲದ ಶರಣ ಮೇದಾರ ಕೇತಯ್ಯನನ್ನು ಮಹಾರಾಷ್ಟ್ರದ ಬುರೂಡರೂ ಕೇತಯ್ಯ ಸ್ವಾಮಿ ಎಂದು ಪೂಜಿಸುತ್ತಾರೆ. ಮದುವೆಯ ಮೊರ, ಬುಟ್ಟಿ, ಏಣಿಗಳ ಜೊತೆಗೆ ಈಗ ಬಿದಿರಿನ ಪರದೆ, ಮಡಚುವ ಅಡ್ಡಗೋಡೆ, ದೀಪದ ಹೊದಿಕೆ ಹೇಳಿಮಾಡಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಬಿದಿರು, ಬೆತ್ತದ ಪೀಠೋಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದು 2026ರ ಬೆತ್ತದ ಒಲವಿಗೆ ಇನ್ನಷ್ಟು ಬಲ ಕೊಡುತ್ತದೆ. ಕೊಳ್ಳುವಾಗ ಬಿದಿರಿಗೆ ಹುಳು ಹತ್ತದಂತೆ ಬೋರಾಕ್ಸ್ ಉಪಚಾರ ಮಾಡಿದ್ದಾರೆಯೇ ಎಂದು ವಿಚಾರಿಸಿ. ಪ್ಲಾಸ್ಟಿಕ್ ಎಳೆಯಲ್ಲಿ ನೇಯ್ದ ಬೆತ್ತದ ನಕಲಿಗೆ ಹುಳು ಹತ್ತುವುದಿಲ್ಲ, ಆದರೆ ಬಿಸಿಲಿಗೆ ಸೀಳಿದರೆ ಮತ್ತೆ ಹೆಣೆಯುವವರೂ ಇಲ್ಲ.

ಕೆಳಗೆ ಕೂರುವ ಹಾಲ್

2026ರ ಇನ್ನೊಂದು ಮಾತು ತಗ್ಗಿನ ಕೂರುವಿಕೆ. ಎತ್ತರದ ಸೋಫಾ ಸೆಟ್ಟಿನ ಬದಲು ಗಾದಿ, ಲೋಡು, ನೆಲದಿಂದ ಒಂದಡಿ ಎತ್ತರದ ದಿವಾನ. ಪುಣೆಗೆ ಇದು ಹೊಸದೇನೂ ಅಲ್ಲ, ಇಲ್ಲಿ ಅದಕ್ಕೆ ಭಾರತೀಯ ಬೈಠಕ್ ಎಂದೇ ಹೆಸರು. ಗದಗ ಸೀಮೆಯ ಭೀಮಸೇನ ಜೋಶಿ ಅವರು ಪುಣೆಯಲ್ಲಿ ನೆಲೆನಿಂತು, ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಿಂದ ಸಂಗೀತೋತ್ಸವ ನಡೆಸಿದ ಊರು ಇದು. ಮನೆಯ ಹಾಲಿನಲ್ಲಿ ಜಮಖಾನೆ ಹಾಸಿ ಹಾಡು ಕೇಳುವ ರೂಢಿ ಇಲ್ಲಿ ಸತ್ತೇ ಇಲ್ಲ. ನಡುವೆ ಏನನ್ನೂ ಕಾಯಂ ಆಗಿ ಕೂರಿಸದ ಹಾಲಿನಲ್ಲಿ ಹತ್ತು ಜನರ ಊಟದ ಪಂಕ್ತಿಯೂ ಆಗುತ್ತದೆ, ಊರಿನಿಂದ ನೆಂಟರು ಬಂದರೆ ಹಾಸಿಗೆಯೂ ಆಗುತ್ತದೆ. ಮಂಡಿನೋವಿನ ಹಿರಿಯರಿಗೆಂದು ಹಿಡಿಕೆಯುಳ್ಳ ಎರಡು ಎತ್ತರದ ಕುರ್ಚಿ ಇರಲೇಬೇಕು.

ಡಿಸೈನರ್ ಮುಂದೆ ಕೂತಾಗ ಕೇಳಲೇಬೇಕಾದ ಇನ್ನೊಂದು ಮಾತೆಂದರೆ, ಗಣಪತಿ ಎಲ್ಲಿ ಕೂರುತ್ತಾನೆ ಎಂಬುದು. ಭಾದ್ರಪದದಲ್ಲಿ ಗಣಪತಿ, ಅದರ ಬೆನ್ನಿಗೆ ಗೌರಿ, ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಜೋಡಿ ಮಹಾಲಕ್ಷ್ಮಿ. ಅಷ್ಟು ಜಾಗ, ದೀಪದ ಸರಕ್ಕೆ ಒಂದು ಪ್ಲಗ್ಗು, ಆರತಿಗೆ ನಿಲ್ಲಲು ಅಂಗಳದಷ್ಟು ಬಯಲು ಮೊದಲೇ ಬಿಡಿಸಿದ್ದರೆ ಹಬ್ಬಕ್ಕೆ ಟಿವಿ ಯೂನಿಟ್ ಕೀಳುವ ಪಾಡು ಬರುವುದಿಲ್ಲ. ಹಾಗೆಯೇ ಜೋಕಾಲಿ. ಹಾಲಿನ ತೂಗುಮಂಚ ಮತ್ತೆ ಬೇಡಿಕೆಗೆ ಬಂದಿದೆ, ಆದರೆ ಅದರ ಕೊಂಡಿ ಚಾವಣಿಯ ತೊಲೆಗೆ ಬೀಳಬೇಕು. ಕೆಲವು ಹೊಸ ಕಟ್ಟಡಗಳ ಚಾವಣಿಯೊಳಗೆ ಬಿಗಿದ ಉಕ್ಕಿನ ಹುರಿಗಳಿರುತ್ತವೆ, ಬಿಲ್ಡರನ ನಕ್ಷೆ ನೋಡದೆ ಡ್ರಿಲ್ ಹಾಕುವುದು ಅಪಾಯ.

ಚಾವಣಿಯ ಮಾತು ಬಂತು. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಬಿಲ್ಡರ್ ಕೊಡುವುದು ಅದಕ್ಕಿಂತ ತುಸುವೇ ಹೆಚ್ಚು, ಅದರಲ್ಲಿ ಅರ್ಧ ಮುಕ್ಕಾಲು ಅಡಿಯನ್ನು ಜಿಪ್ಸಮ್ಮಿನ ಫಾಲ್ಸ್ ಸೀಲಿಂಗ್ ತಿನ್ನುತ್ತದೆ. ಫ್ಯಾನು ತಲೆಯ ಮೇಲೆ ಬರುತ್ತದೆ, ಸೆಖೆ ಕೆಳಗಿಳಿಯುತ್ತದೆ. ಕೋಣೆಯ ಅಂಚಿಗೆ ಮಾತ್ರ ಸಣ್ಣ ಪಟ್ಟಿ ಕಟ್ಟಿ ನಡುವೆ ಪೂರ್ತಿ ಎತ್ತರ ಬಿಡುವುದು ಈಗ ಹೆಚ್ಚುತ್ತಿದೆ, ಒಳ್ಳೆಯ ಬದಲಾವಣೆ. ದೀಪಕ್ಕೆ 2700ರಿಂದ 3000 ಕೆಲ್ವಿನ್ನಿನ ಬೆಚ್ಚನೆಯ ಬೆಳಕು ಆರಿಸಿದರೆ ಕಂದು, ಇಟ್ಟಿಗೆಗೆಂಪು ಬಣ್ಣಗಳು ಜೀವ ತಳೆಯುತ್ತವೆ; 6500ರ ಟ್ಯೂಬ್ ಬೆಳಕಿನಲ್ಲಿ ಅವೇ ಬಣ್ಣಗಳು ಕೆಸರಿನಂತೆ ಕಾಣುತ್ತವೆ. ಫ್ಯಾನು ಬಿಎಲ್‌ಡಿಸಿ ಇರಲಿ, ಹಳೆಯದು 75 ವಾಟ್ ತಿಂದರೆ ಇದು 30ರ ಆಸುಪಾಸಿನಲ್ಲಿ ತಿರುಗುತ್ತದೆ.

ಪುಣೆಯಲ್ಲಿ ಈಗ ರೀಡೆವಲಪ್‌ಮೆಂಟಿನ ಕಾಲ. ಕೋಥ್ರೂಡ್, ಎರಂಡವಣೆಗಳ ಮೂರು ನಾಲ್ಕು ಮಹಡಿಯ ಸೊಸೈಟಿಗಳು ಒಂದೊಂದಾಗಿ ಕೆಡವಿಸಿಕೊಂಡು ಹದಿನೈದಿಪ್ಪತ್ತು ಮಹಡಿಗೆ ಏರುತ್ತಿವೆ. ಕೆಡವುವ ಗುತ್ತಿಗೆದಾರ ಸಾಗುವಾನಿ ಚೌಕಟ್ಟು, ಕಡಪಾ ಹಲಗೆ, ಫರಸಿ, ಮಂಗಳೂರು ಹೆಂಚುಗಳನ್ನು ಹೊತ್ತೊಯ್ಯುತ್ತಾನೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಶುರುಮಾಡಿದ ಹೆಂಚಿನ ಉದ್ಯಮದ ಮಾಲು ಪುಣೆಯ ಹಳೆಯ ಬಂಗಲೆಗಳ ಮೇಲೆ ಇಂದಿಗೂ ಇದೆ. ಅದೇ ಸರಕು ಭವಾನಿ ಪೇಠೆಯ ಟಿಂಬರ್ ಮಾರ್ಕೆಟಿನಲ್ಲೋ, ಬುಧವಾರ ಭಾನುವಾರಗಳಂದು ಸೇರುವ ಜುನಾ ಬಜಾರಿನಲ್ಲೋ ಕಾಣಿಸಿಕೊಂಡು, ಅಲ್ಲಿಂದ ಯಾರದೋ ಹೊಸ ಕೆಫೆಗೆ ಹೋಗುತ್ತದೆ. ಮನೆ ಬಿಡುವ ಕುಟುಂಬಗಳು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತಮ್ಮ ಫ್ಲ್ಯಾಟಿನ ಮರ, ಕಲ್ಲು ತಮಗೇ ಸೇರಬೇಕೆಂಬ ಒಂದು ಸಾಲು ಬರೆಸಿಕೊಳ್ಳಬಹುದು. ಐವತ್ತು ವರ್ಷದ ಸಾಗುವಾನಿ ಬಾಗಿಲನ್ನು ಮೇಜು ಮಾಡಿಕೊಡುವ ಬಡಗಿಗಳು ಟಿಂಬರ್ ಮಾರ್ಕೆಟಿನ ಸುತ್ತಲೇ ಇದ್ದಾರೆ. ಫರಸಿಯನ್ನು ಸಬ್ಬಲಿನಿಂದ ಮೆಲ್ಲಗೆ ಎಬ್ಬಿಸಿ, ಅಡಿಯ ಗಾರೆ ಕೆತ್ತಿ, ತಿರುವಿ ಹಾಕಿದರೆ ಕೆಳಮುಖ ಹೊಸ ಕಲ್ಲಿನಂತೆಯೇ ಇರುತ್ತದೆ.

2026ರಲ್ಲಿ ಯುಗಾದಿ, ಅಂದರೆ ಇಲ್ಲಿಯವರ ಗುಡಿ ಪಾಡವಾ, ಮಾರ್ಚ್ 19ಕ್ಕೆ ಬಿದ್ದಿದೆ. ಪುಣೆಯಲ್ಲಿ ಎಷ್ಟೋ ಜನ ಹೊಸ ಮನೆಯ ಕೀಲಿ ಪಡೆಯುವುದು ಆ ದಿನವೇ. ಅಂದು ಕೆಲಸ ಹಿಡಿಸಿದವರಿಗೆ ಮಳೆ ಬೀಳುವ ಮುಂಚೆ ಹನ್ನೊಂದು ಹನ್ನೆರಡು ವಾರ ಸಿಗುತ್ತದೆ. ನೆಲ ಮತ್ತು ಸುಣ್ಣದ ಕೆಲಸ ಈ ಅವಧಿಯಲ್ಲಿ ಮೊದಲು ಮುಗಿಯಬೇಕು, ಒಣಗಲು ಅವಕ್ಕೆ ಬಿಸಿಲಿನ ದಿನಗಳೇ ಬೇಕು. ಮರಗೆಲಸ ಅದರ ಹಿಂದೆ ಬರಲಿ. ಬೆತ್ತ, ಬಿದಿರು, ಪರದೆಗಳನ್ನು ಶ್ರಾವಣದಲ್ಲಿ ಕೊಂಡರೂ ನಡೆಯುತ್ತದೆ. ತಾಂಬಟ ಆಳಿಯಲ್ಲಿ ದೀಪ ಹೇಳುವವರು ಮಾತ್ರ ಗಣಪತಿ ಹಬ್ಬಕ್ಕೆ ಎರಡು ತಿಂಗಳು ಮೊದಲೇ ಅಳತೆ ಕೊಟ್ಟು ಬರಬೇಕು. ಕೈಕೆಲಸ, ಅವಸರ ಮಾಡಿದರೆ ಆಗುವುದಿಲ್ಲ.